ವಯಸ್ಸಾದ ನಾಯಿಯ ಕಾಯಿಲೆ ಗುರುತಿಸೋದು ಹೇಗೆ? ರಾಯಚೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಡಾಕ್ಟರಲ್ಲ. ರಾಯಚೂರಿನಲ್ಲಿ ಬಹಳ ವರ್ಷಗಳಿಂದ ನಾಯಿ ಸಾಕಿದ್ದೇನೆ, ಓಣಿಯವರ ನಾಯಿಗಳನ್ನು ದವಾಖಾನೆಗೆ ಒಯ್ಯುವ ಕೆಲಸವೂ ಆಗಾಗ ನನ್ನ ಪಾಲಿಗೆ ಬರುತ್ತದೆ. ಪರಿಚಯದವರು, ಅವರ ಪರಿಚಯದವರು ಫೋನ್ ಮಾಡಿ ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು. ಇದನ್ನು ಓದಿ ಮನೆಯಲ್ಲೇ ಔಷಧ ಕೊಡಿ ಅಂತ ನಾನು ಹೇಳುತ್ತಿಲ್ಲ. ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಒಂದು ಗಂಟೆಯೂ ಕಾಯಬಾರದು ಅನ್ನೋದು ಗೊತ್ತಿದ್ದರೆ ಎಷ್ಟೋ ನಾಯಿಗಳು ಉಳಿಯುತ್ತವೆ. ಅದಕ್ಕಾಗಿ ಬರೆದಿದ್ದೇನೆ.

ನಾಯಿಗೆ ವಯಸ್ಸಾಯ್ತು ಅಂತ ಯಾವಾಗ ತಿಳಿಯಬೇಕು?

ಮೈ ದೊಡ್ಡದಿದ್ದಷ್ಟೂ ಮುಪ್ಪು ಬೇಗ ಬರುತ್ತದೆ. ಗ್ರೇಟ್ ಡೇನ್‌ನಂಥ ಭಾರಿ ನಾಯಿಗೆ 6 ವರ್ಷಕ್ಕೇ ವಯಸ್ಸಾಗಿರುತ್ತದೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗೆ 7-8 ವರ್ಷ. ನಮ್ಮ ಊರನಾಯಿ, ಮುಧೋಳ ನಾಯಿಗೆ 8-9 ಅಂತ ಇಟ್ಟುಕೊಳ್ಳಿ. ಪೊಮೆರೇನಿಯನ್‌ನಂಥ ಸಣ್ಣ ನಾಯಿ 10 ವರ್ಷದವರೆಗೂ ಚುರುಕಾಗಿರುತ್ತದೆ. ಈ ವಯಸ್ಸು ದಾಟಿದ ಮೇಲೆ ವರ್ಷಕ್ಕೆ ಒಂದು ಸಲ ಲಸಿಕೆ ಹಾಕಿಸಿ ಬರೋದು ಸಾಲದು. ಆರು ತಿಂಗಳಿಗೊಮ್ಮೆ ತೋರಿಸಿ, ರಕ್ತ ಮತ್ತು ಉಚ್ಚೆ ಪರೀಕ್ಷೆ ಮಾಡಿಸಿ. ನಾಯಿ ಚೆನ್ನಾಗಿದ್ದಾಗ ತೆಗೆಸಿದ ರಿಪೋರ್ಟ್ ಕೈಯಲ್ಲಿದ್ದರೆ, ಮುಂದೆ ಹುಷಾರು ತಪ್ಪಿದಾಗ ಡಾಕ್ಟರಿಗೆ ಹೋಲಿಸಿ ನೋಡಲು ಏನಾದರೂ ಇರುತ್ತದೆ.

ಮೊದಲಿನ ಹಾಗೆ ಓಡಾಡಲ್ಲ, ಸದಾ ಮಲಗಿರುತ್ತೆ. ವಯಸ್ಸು ಅಲ್ವಾ?

ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ಮುಪ್ಪು ಕಾಯಿಲೆ ಅಲ್ಲ. ಮುಪ್ಪು ನಿಧಾನಕ್ಕೆ ಬರುತ್ತದೆ, ವರ್ಷಗಟ್ಟಲೆ ತೆಗೆದುಕೊಳ್ಳುತ್ತದೆ. ಹೋದ ತಿಂಗಳು ಗೇಟಿನವರೆಗೆ ಓಡಿ ಬರುತ್ತಿದ್ದ ನಾಯಿ ಈ ತಿಂಗಳು ತಲೆ ಎತ್ತಿ ಸುಮ್ನೆ ನೋಡುತ್ತದೆ ಅಂದರೆ ಅದು ವಯಸ್ಸಲ್ಲ, ಒಳಗೆ ಏನೋ ಆಗಿದೆ. ಹೃದಯ ಇರಬಹುದು, ಕಿಡ್ನಿ ಇರಬಹುದು, ಉಣ್ಣೆ ಜ್ವರದಿಂದ ರಕ್ತ ಕಮ್ಮಿ ಆಗಿರಬಹುದು, ಥೈರಾಯಿಡ್ ಕೆಲಸ ಕಡಿಮೆ ಆಗಿರಬಹುದು, ಕೀಲು ನೋವಿರಬಹುದು. ಇದರಲ್ಲಿ ಬಹಳಷ್ಟಕ್ಕೆ ಔಷಧ ಇದೆ.

ನಿಮ್ಮ ನಾಯಿ ದಿನಾ ಎಷ್ಟು ತಿನ್ನುತ್ತದೆ, ಎಷ್ಟು ಕುಡಿಯುತ್ತದೆ, ಎಷ್ಟು ಸಲ ಹೊರಗೆ ಹೋಗುತ್ತದೆ, ಎಲ್ಲಿ ಮಲಗುತ್ತದೆ ಅನ್ನೋದು ನಿಮಗೆ ಗೊತ್ತಿರುವಷ್ಟು ಯಾವ ಡಾಕ್ಟರಿಗೂ ಗೊತ್ತಿರಲ್ಲ. ಅದರಲ್ಲಿ ಬದಲಾವಣೆ ಕಂಡರೆ ಅದೇ ಲಕ್ಷಣ. ದಿನಾ ಬಾಗಿಲ ಹತ್ತಿರ ಮಲಗುವ ನಾಯಿ ಎರಡು ದಿನದಿಂದ ಮಂಚದ ಕೆಳಗೆ ಮೂಲೆ ಹಿಡಿದಿದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಯಾವುದಕ್ಕೆ ಕೂಡಲೇ ಓಡಬೇಕು?

ಮೊದಲನೆಯದು ಉಸಿರು. ಕುತ್ತಿಗೆ ಮುಂದೆ ಚಾಚಿ, ಮೊಣಕೈ ಅಗಲಿಸಿ ನಿಂತು, ಹೊಟ್ಟೆ ಎಳೆದು ಉಸಿರಾಡುತ್ತಿದ್ದರೆ, ಮಲಗೋಕೆ ಆಗದೆ ಮತ್ತೆ ಮತ್ತೆ ಎದ್ದು ಕೂರುತ್ತಿದ್ದರೆ ಆಗಲೇ ಹೊರಡಿ. ಇಂಥ ನಾಯಿಯನ್ನು ಬಲವಂತವಾಗಿ ಮಲಗಿಸಬೇಡಿ, ಬಾಯಿ ತೆರೆದು ಏನನ್ನೂ ಕುಡಿಸಬೇಡಿ.

ಎರಡನೆಯದು ಹೊಟ್ಟೆ. ವಾಂತಿ ಬಂದ ಹಾಗೆ ಓಕರಿಸುತ್ತದೆ, ಬರೀ ನೊರೆ ಬರುತ್ತದೆ ಇಲ್ಲವೇ ಏನೂ ಬರುವುದಿಲ್ಲ, ಜೊಲ್ಲು ಸುರಿಯುತ್ತದೆ, ಹೊಟ್ಟೆ ಉಬ್ಬಿ ಬಿಗಿಯಾಗುತ್ತದೆ. ಎದೆ ಆಳವಾಗಿರುವ ದೊಡ್ಡ ನಾಯಿಗಳಲ್ಲಿ ಜಠರ ತಿರುಚಿಕೊಂಡಾಗ ಹೀಗಾಗುತ್ತದೆ. ಗ್ಯಾಸ್ ಅಂತ ಈನೋ, ಓಮದ ನೀರು ಕುಡಿಸುತ್ತಾ ಕೂತರೆ ಕೆಲವೇ ಗಂಟೆಯಲ್ಲಿ ನಾಯಿ ಹೋಗುತ್ತದೆ. ಇದಕ್ಕೆ ಆಪರೇಷನ್ ಒಂದೇ ದಾರಿ.

ಇನ್ನು, ಇದ್ದಕ್ಕಿದ್ದಂತೆ ಕುಸಿದು ಬಿದ್ದು ಬಾಯೊಳಗೆ ಬೆಳ್ಳಗೆ ಆಗಿರೋದು. ವಯಸ್ಸಾದ ನಾಯಿಗಳಲ್ಲಿ ಗುಲ್ಮದ (ಸ್ಪ್ಲೀನ್) ಮೇಲೆ ಬೆಳೆದ ಗಡ್ಡೆ ಒಡೆದು ಹೊಟ್ಟೆಯೊಳಗೆ ರಕ್ತ ಸೋರುವುದುಂಟು, ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಫಿಟ್ಸ್ 5 ನಿಮಿಷ ದಾಟಿದರೂ ನಿಲ್ಲದಿದ್ದರೆ ಇಲ್ಲವೇ ಒಂದೇ ದಿನ ಎರಡು ಮೂರು ಸಲ ಬಂದರೆ ಅದೂ ತುರ್ತು. ಕಾಲೆತ್ತಿ ನಿಂತು ತಿಣುಕುತ್ತಿದೆ, ಉಚ್ಚೆ ಮಾತ್ರ ಬರುತ್ತಿಲ್ಲ ಅಂದರೆ ಬೆಳಗಾಗಲಿ ಅಂತ ಕಾಯಬೇಡಿ. ಬಿಸಿಲಿನ ಹೊಡೆತ, ವಿಷ, ಬೆದೆ ಮುಗಿದ ಹೆಣ್ಣು ನಾಯಿಯ ಸುಸ್ತು, ಇವನ್ನು ಕೆಳಗೆ ಬೇರೆ ಬರೆದಿದ್ದೇನೆ.

ಡಾಕ್ಟರ ಹತ್ತಿರ ಹೋಗುವ ಮೊದಲು ಮನೆಯಲ್ಲಿ ಏನು ನೋಡಬಹುದು?

ಮೂರು ಕೆಲಸ ಕಲಿತುಕೊಳ್ಳಿ. ನಾಯಿ ಆರೋಗ್ಯವಾಗಿದ್ದಾಗಲೇ ಕಲಿಯಿರಿ, ಆಗ ಅದಕ್ಕೂ ರೂಢಿಯಾಗುತ್ತದೆ.

ವಸಡು ನೋಡೋದು. ನಾಯಿಯನ್ನು ಬಾಗಿಲ ಬೆಳಕಿಗೆ ಕರೆದು ಕೂರಿಸಿ. ಪಕ್ಕದಿಂದ ಮೇಲ್ತುಟಿಯನ್ನು ಹೆಬ್ಬೆರಳಿನಿಂದ ಮೇಲಕ್ಕೆ ಸರಿಸಿ, ಕೋರೆಹಲ್ಲಿನ ಮೇಲಿನ ವಸಡು ಕಾಣುತ್ತದೆ. ಅದು ತಿಳಿ ಗುಲಾಬಿ ಇದ್ದು, ಮುಟ್ಟಿದರೆ ಒದ್ದೆಯಾಗಿ ಜಾರಬೇಕು. ಬೆರಳಿನಿಂದ ಒತ್ತಿ ಬಿಡಿ. ಒತ್ತಿದ ಜಾಗ ಬಿಳಿಯಾಗಿ 2 ಸೆಕೆಂಡ್ ಒಳಗೆ ಮತ್ತೆ ಗುಲಾಬಿ ಆಗಬೇಕು. ಬಣ್ಣ ವಾಪಸ್ ಬರೋಕೆ ತಡ ಆದರೆ ರಕ್ತದ ಓಟ ಸರಿ ಇಲ್ಲ. ವಸಡು ಬೆಳ್ಳಗೆ ಇದ್ದರೆ ರಕ್ತ ಕಮ್ಮಿ ಇದೆ ಇಲ್ಲವೇ ಎಲ್ಲೋ ಸೋರುತ್ತಿದೆ. ನೀಲಿ ಬಣ್ಣ ಬಂದರೆ ಆಮ್ಲಜನಕ ಸಾಲುತ್ತಿಲ್ಲ. ಹಳದಿ ಆದರೆ ಕಾಮಾಲೆ: ಲಿವರ್ ತೊಂದರೆ ಇರಬಹುದು, ಉಣ್ಣೆ ಜ್ವರ ಇರಬಹುದು, ಮಳೆಗಾಲದಲ್ಲಿ ಇಲಿ ಉಚ್ಚೆಯಿಂದ ಬರುವ ಲೆಪ್ಟೊಸ್ಪೈರೋಸಿಸ್ ಇರಬಹುದು. ಈ ಕೊನೆಯದು ಮನುಷ್ಯರಿಗೂ ಅಂಟುತ್ತದೆ, ನಾಯಿಯ ಉಚ್ಚೆ ತೊಳೆಯುವಾಗ ಕೈಗವಸು ಹಾಕಿಕೊಳ್ಳಿ. ಇಟ್ಟಿಗೆ ಕೆಂಪು ಆಗಿದ್ದರೆ ಬಿಸಿಲಿನ ಹೊಡೆತ ಇಲ್ಲವೇ ಸೋಂಕು. ಕೆಲವು ನಾಯಿಗಳಿಗೆ ವಸಡೇ ಕಪ್ಪು, ಅಂಥವಕ್ಕೆ ಕೆಳ ರೆಪ್ಪೆ ಎಳೆದು ಒಳಗಿನ ಬಣ್ಣ ನೋಡಿ.

ಉಸಿರು ಎಣಿಸೋದು. ನಾಯಿ ಗಾಢ ನಿದ್ದೆಯಲ್ಲಿ ಇದ್ದಾಗ, ತೇಕದೆ ಇದ್ದಾಗ, ಪಕ್ಕೆ ಒಂದು ಸಲ ಏರಿ ಇಳಿದರೆ ಒಂದು ಅಂತ ಒಂದು ನಿಮಿಷ ಎಣಿಸಿ. 30ರ ಒಳಗೆ ಇರಬೇಕು. ಎರಡು ಮೂರು ರಾತ್ರಿ ಎಣಿಸಿದರೂ 30 ದಾಟುತ್ತಿದ್ದರೆ ಹೃದಯ ಅಥವಾ ಶ್ವಾಸಕೋಶ ನೋಡಿಸಿ. 40 ದಾಟಿದರೆ ಅವತ್ತೇ ಹೋಗಿ. ಮೇ ತಿಂಗಳಲ್ಲಿ ಹಗಲು ಎಣಿಸಿದರೆ ಉಪಯೋಗವಿಲ್ಲ, ಸೆಕೆಗೆ ಎಲ್ಲ ನಾಯಿಯೂ ತೇಕುತ್ತದೆ. ಬೆಳಗಿನ ಜಾವ ತಂಪಿನಲ್ಲಿ ಎಣಿಸಿ.

ಜ್ವರ ನೋಡೋದು. ಮೂಗು ಒಣಗಿದೆ, ಕಿವಿ ಬಿಸಿ ಇದೆ ಅನ್ನೋದರಿಂದ ಏನೂ ತಿಳಿಯಲ್ಲ. ಮೆಡಿಕಲ್ ಶಾಪಿನ ಡಿಜಿಟಲ್ ಥರ್ಮಾಮೀಟರ್ ತಂದು, ತುದಿಗೆ ವ್ಯಾಸಲಿನ್ ಸವರಿ, ಗುದದಲ್ಲಿ ಒಂದಿಂಚಿನಷ್ಟು ಇಟ್ಟು ನೋಡಬೇಕು. ಒಬ್ಬರು ತಲೆ ಹಿಡಿದು ಮಾತಾಡಿಸುತ್ತಿರಿ, ಇನ್ನೊಬ್ಬರು ಬಾಲ ಎತ್ತಿ. 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ನಾಯಿಗೆ ಸಹಜ. ನಮಗೆ ಜ್ವರ ಅನ್ನಿಸುವ 101 ಅದಕ್ಕೆ ಜ್ವರವಲ್ಲ. 103 ದಾಟಿದರೆ ಜ್ವರ. 99ಕ್ಕಿಂತ ಕೆಳಗಿಳಿದು ನಾಯಿ ಮಂಕಾಗಿದ್ದರೆ ಅದು ಜ್ವರಕ್ಕಿಂತ ಕೆಟ್ಟದ್ದು.

ಊಟ ಬಿಟ್ಟಿದೆ. ಎಷ್ಟು ದಿನ ನೋಡಬಹುದು?

ಒಂದು ಹೊತ್ತು ಬಿಟ್ಟು ಉಳಿದಂತೆ ಚೆನ್ನಾಗಿದ್ದರೆ ಕಾಯಿರಿ. ಪೂರ್ತಿ ಒಂದು ದಿನ ಮುಟ್ಟದಿದ್ದರೆ ತೋರಿಸಿ. ಊಟದ ಜೊತೆ ನೀರೂ ಬಿಟ್ಟರೆ, ಇಲ್ಲವೇ ವಾಂತಿ ಇದ್ದರೆ ಒಂದು ದಿನವೂ ಕಾಯಬೇಡಿ.

ಹಸಿವಿಲ್ಲದಿರೋದು ಬೇರೆ, ತಿನ್ನೋಕಾಗದಿರೋದು ಬೇರೆ. ನಮ್ಮ ಕಡೆ ಇದನ್ನು ರೊಟ್ಟಿಯಿಂದಲೇ ಪತ್ತೆ ಮಾಡಬಹುದು. ಖಡಕ್ ರೊಟ್ಟಿ ಬಾಯಿಗೆ ತೆಗೆದುಕೊಂಡು ಕೆಳಗೆ ಹಾಕುತ್ತದೆ, ಅದೇ ರೊಟ್ಟಿ ಮಜ್ಜಿಗೆಯಲ್ಲಿ ನೆನೆಸಿಕೊಟ್ಟರೆ ನೆಕ್ಕಿ ಖಾಲಿ ಮಾಡುತ್ತದೆ ಅಂದರೆ ಹೊಟ್ಟೆ ಸರಿ ಇದೆ, ಬಾಯಿ ನೋಯುತ್ತಿದೆ. ಒಂದೇ ಕಡೆ ಅಗಿಯೋದು, ತಲೆ ವಾರೆ ಮಾಡಿ ತಿನ್ನೋದು, ಜೊಲ್ಲಿನಲ್ಲಿ ರಕ್ತದ ಎಳೆ, ಕಣ್ಣಿನ ಕೆಳಗೆ ಊತ, ಎಲ್ಲವೂ ಹಲ್ಲಿನ ಬೇರಿನ ಕೀವು ಆಗಿರಬಹುದು. ಮೂಸಿ ನೋಡಿ ಮುಖ ತಿರುಗಿಸಿ, ತುಟಿ ನೆಕ್ಕಿಕೊಳ್ಳುತ್ತಾ ಹೋಗುವ ನಾಯಿಗೆ ಓಕರಿಕೆ ಇರುತ್ತದೆ. ಕಿಡ್ನಿ ಕೆಟ್ಟ ನಾಯಿಗಳು ಹೀಗೆ ಮಾಡುತ್ತವೆ, ಅವುಗಳ ಬಾಯಿ ಉಚ್ಚೆಯ ಹಾಗೆ ನಾರುತ್ತದೆ.

ಚೆನ್ನಾಗಿ ತಿನ್ನುತ್ತೆ, ಆದರೂ ಸೊರಗುತ್ತಿದೆ. ಯಾಕೆ?

ಸಕ್ಕರೆ ಕಾಯಿಲೆ ಇರಬಹುದು, ಕರುಳು ಆಹಾರ ಹೀರಿಕೊಳ್ಳದೆ ಇರಬಹುದು, ಕ್ಯಾನ್ಸರ್ ಇರಬಹುದು, ಬರೀ ಜಂತುಹುಳ ಕೂಡ ಇರಬಹುದು. ಕಣ್ಣಿಗೆ ಸೊರಗಿದ್ದು ತಡವಾಗಿ ಕಾಣುತ್ತದೆ. ತಿಂಗಳಿಗೊಮ್ಮೆ ನಾಯಿಯನ್ನು ಎತ್ತಿಕೊಂಡು ತೂಕದ ಮಷಿನ್ ಮೇಲೆ ನಿಲ್ಲಿ, ನಿಮ್ಮ ತೂಕ ಕಳೆಯಿರಿ. ದೊಡ್ಡ ನಾಯಿಯಾದರೆ ಪರಿಚಯದ ಕಾಳಿನ ಅಂಗಡಿಯಲ್ಲಿ ತೂಗಿಸಿ. ಡಯಟ್ ಏನೂ ಮಾಡದೆ 20 ಕೆಜಿ ನಾಯಿ 18ಕ್ಕೆ ಇಳಿದಿದ್ದರೆ ಅದು ದೊಡ್ಡ ಇಳಿಕೆ.

ನೀರು ತುಂಬಾ ಕುಡಿಯುತ್ತಿದೆ. ಬೇಸಿಗೆ ಅಂತ ಬಿಡಬಹುದಾ?

ನಮ್ಮ ಜಿಲ್ಲೆಯಲ್ಲಿ ಮಾರ್ಚಿನಿಂದ ಜೂನಿನವರೆಗೆ ಎಲ್ಲ ನಾಯಿಯೂ ಜಾಸ್ತಿ ಕುಡಿಯುತ್ತದೆ. ಅದಕ್ಕೇ ಈ ಲಕ್ಷಣ ಇಲ್ಲಿ ಬೇಗ ಕಣ್ಣು ತಪ್ಪುತ್ತದೆ. ಉಚ್ಚೆ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಸೆಕೆಗೆ ಕುಡಿದ ನೀರು ತೇಕುವಾಗ ಬಾಯಿಂದಲೇ ಆವಿಯಾಗಿ ಹೋಗುತ್ತದೆ, ಉಚ್ಚೆ ಜಾಸ್ತಿ ಆಗಲ್ಲ, ಬಣ್ಣವೂ ಹಳದಿಯೇ ಇರುತ್ತದೆ. ಕಾಯಿಲೆಯಿಂದ ಕುಡಿದರೆ ಉಚ್ಚೆಯೂ ಜಾಸ್ತಿ, ಬಣ್ಣ ನೀರಿನಷ್ಟೇ ತಿಳಿ. ವರ್ಷಗಟ್ಟಲೆ ಮನೆಯೊಳಗೆ ಗಲೀಜು ಮಾಡದ ನಾಯಿ ನಡುರಾತ್ರಿ ಪಡಸಾಲೆಯಲ್ಲೇ ಉಚ್ಚೆ ಹೊಯ್ಯುತ್ತದೆ. ದಯವಿಟ್ಟು ಅದಕ್ಕೆ ಬೈಯಬೇಡಿ, ಅದು ತಡೆದುಕೊಳ್ಳೋಕೆ ಆಗದೆ ಮಾಡಿದ್ದು.

ಅಳೆಯೋದು ಸುಲಭ. ಬೆಳಗ್ಗೆ ಲೀಟರ್ ಬಾಟಲಿಯಿಂದ ಅಳೆದು ಬೋಗುಣಿಗೆ ಹಾಕಿ, ದಿನವಿಡೀ ಎಷ್ಟು ಸೇರಿಸಿದಿರಿ ಬರೆದಿಡಿ, ಮರುದಿನ ಬೆಳಗ್ಗೆ ಉಳಿದಿದ್ದನ್ನು ಕಳೆಯಿರಿ. ಬೇರೆ ಕಡೆ ಕುಡಿಯದಂತೆ ನೋಡಿಕೊಳ್ಳಿ. ಒಂದು ಕೆಜಿ ತೂಕಕ್ಕೆ ದಿನಕ್ಕೆ 100 ಮಿಲಿ ದಾಟಿದರೆ, ಅಂದರೆ 20 ಕೆಜಿ ನಾಯಿ 2 ಲೀಟರಿಗಿಂತ ಹೆಚ್ಚು ಕುಡಿದರೆ, ಪರೀಕ್ಷೆ ಮಾಡಿಸಲೇಬೇಕು. ಕಿಡ್ನಿ, ಸಕ್ಕರೆ ಕಾಯಿಲೆ, ಕುಶಿಂಗ್ಸ್ ಅನ್ನುವ ಹಾರ್ಮೋನ್ ಕಾಯಿಲೆ, ಇವು ಮೊದಲು ನೋಡಬೇಕಾದವು. ಕುಶಿಂಗ್ಸ್‌ನಲ್ಲಿ ಹೊಟ್ಟೆ ಜೋತುಬಿದ್ದು, ಎರಡೂ ಪಕ್ಕೆಯ ಕೂದಲು ಉದುರಿ, ಹಸಿವು ಮಾತ್ರ ವಿಪರೀತ ಇರುತ್ತದೆ. ಜಾಸ್ತಿ ಕುಡಿಯುತ್ತದೆ ಅಂತ ನೀರು ಕಮ್ಮಿ ಕೊಡುವವರಿದ್ದಾರೆ. ಅದನ್ನು ಯಾವತ್ತೂ ಮಾಡಬೇಡಿ.

ಆಪರೇಷನ್ ಆಗದ ಹೆಣ್ಣು ನಾಯಿ ಇದ್ದವರು ಇದನ್ನು ಎರಡು ಸಲ ಓದಿ. ಬೆದೆ ಮುಗಿದು ಒಂದೆರಡು ತಿಂಗಳೊಳಗೆ ನೀರು ಜಾಸ್ತಿ ಕುಡಿಯುತ್ತಾ, ಊಟ ಬಿಟ್ಟು, ವಾಂತಿ ಮಾಡಿಕೊಂಡು ಮಂಕಾದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಪಯೋಮೆಟ್ರಾ ಅನ್ನುತ್ತಾರೆ. ಹಿಂದಿನಿಂದ ಕೀವು, ರಕ್ತ ಸೋರಿದರೆ ಗೊತ್ತಾಗುತ್ತದೆ. ಗರ್ಭಕೋಶದ ಬಾಯಿ ಮುಚ್ಚಿಕೊಂಡಿದ್ದರೆ ಏನೂ ಸೋರುವುದಿಲ್ಲ, ಅದೇ ಹೆಚ್ಚು ಅಪಾಯ, ಯಾಕಂದರೆ ಒಳಗೇ ಒಡೆಯಬಹುದು. ಸ್ಕ್ಯಾನಿಂಗಿನಲ್ಲಿ ಕಾಣುತ್ತದೆ. ಸಾಮಾನ್ಯವಾಗಿ ಗರ್ಭಕೋಶ ತೆಗೆಯುವುದೇ ಚಿಕಿತ್ಸೆ. ವಯಸ್ಸಾಗಿದೆ, ಆಪರೇಷನ್ ತಡೆಯಲ್ಲ ಅಂತ ಮನೆಯವರೇ ತೀರ್ಮಾನ ಮಾಡಿ ವಾಪಸ್ ಕರೆತರೋದನ್ನು ನೋಡಿದ್ದೇನೆ. ಆ ತೀರ್ಮಾನ ಡಾಕ್ಟರಿಗೆ ಬಿಡಿ. ಬೇಗ ಹೋದರೆ ವಯಸ್ಸಾದ ನಾಯಿಗಳೂ ಇದರಿಂದ ಚೇತರಿಸಿಕೊಳ್ಳುತ್ತವೆ.

ಮೈಮೇಲೆ ಈಗ ಒಂದೂ ಉಣ್ಣೆ ಇಲ್ಲ. ಆದರೂ ಉಣ್ಣೆ ಜ್ವರ ಬರುತ್ತಾ?

ಬರುತ್ತದೆ. ಉಣ್ಣೆ ಕಚ್ಚಿ ಎಷ್ಟೋ ತಿಂಗಳಾದ ಮೇಲೂ ಎರ್ಲಿಕಿಯಾ ಅನ್ನುವ ರೋಗಾಣು ಒಳಗೇ ಕೂತಿದ್ದು, ನಾಯಿಯ ಶಕ್ತಿ ಕುಂದಿದಾಗ ಮೇಲೇಳುತ್ತದೆ. ನಮ್ಮ ಕಡೆ ವಯಸ್ಸಾದ ನಾಯಿ ಮಂಕಾಗಿದೆ ಅಂದರೆ ನನಗೆ ಮೊದಲು ಬರುವ ಅನುಮಾನ ಇದೇ.

ಜ್ವರ ಬಂದು ಹೋಗುತ್ತದೆ, ಊಟ ಅರ್ಧಕ್ಕೆ ನಿಲ್ಲುತ್ತದೆ, ವಸಡು ಬಿಳಚಿಕೊಳ್ಳುತ್ತದೆ, ಹಿಂಗಾಲು ಬಿಗಿಯುತ್ತದೆ. ಕೂದಲು ಕಮ್ಮಿ ಇರುವ ಹೊಟ್ಟೆಯ ಕೆಳಗೆ, ತೊಡೆಯ ಒಳಗೆ ಸೂಜಿ ಮೊನೆಯಷ್ಟು ಕೆಂಪು ಚುಕ್ಕೆಗಳು ಕಂಡರೆ ಪ್ಲೇಟ್‌ಲೆಟ್ ಇಳಿದಿವೆ. ಪೆಟ್ಟೇ ಬೀಳದೆ ಮೂಗಿನಿಂದ ರಕ್ತ ಬಂದರೆ ತಡ ಮಾಡಬೇಡಿ. ಬೆಬೇಸಿಯಾ ಅನ್ನುವ ಇನ್ನೊಂದು ಬಗೆಯಲ್ಲಿ ಉಚ್ಚೆ ಕೆಂಪಗೆ ಇಲ್ಲವೇ ಕಡು ಕಂದಾಗಿ ಬರುತ್ತದೆ. ರಕ್ತ ಪರೀಕ್ಷೆ ಮಾಡಿಸಿ. ಎರ್ಲಿಕಿಯಾಕ್ಕೆ ಡಾಕ್ಟರು ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಗುಳಿಗೆ ಮೂರು ನಾಲ್ಕು ವಾರ ಬರೆಯುತ್ತಾರೆ. ನಾಲ್ಕೇ ದಿನಕ್ಕೆ ನಾಯಿ ಎದ್ದು ಕೂರುತ್ತದೆ, ಮನೆಯವರು ಗುಳಿಗೆ ನಿಲ್ಲಿಸುತ್ತಾರೆ, ಜ್ವರ ಮತ್ತೆ ಬರುತ್ತದೆ. ಕೋರ್ಸ್ ಪೂರ್ತಿ ಮುಗಿಸಿ.

ಉಣ್ಣೆಗಳು ಕಲ್ಲಿನ ಗೋಡೆಯ ಸಂದಿ, ಬಾಗಿಲ ಚೌಕಟ್ಟಿನ ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತವೆ, ಆದ್ದರಿಂದ ನಾಯಿಗೆ ಮಾತ್ರ ಔಷಧ ಹಾಕಿದರೆ ಸಾಲದು, ಜಾಗವನ್ನೂ ಸ್ವಚ್ಛ ಮಾಡಬೇಕು. ಎತ್ತು, ಎಮ್ಮೆಗೆ ತಂದ ಉಣ್ಣೆ ಔಷಧವನ್ನು ಅಂದಾಜಿನಲ್ಲಿ ನಾಯಿಗೆ ಹಚ್ಚಬೇಡಿ. ಮೈ ನೆಕ್ಕಿಕೊಂಡು ವಿಷವಾಗುತ್ತದೆ.

ಬಿಸಿಲು ಬಡಿದಿದೆ ಅಂತ ಹೇಗೆ ಗೊತ್ತಾಗುತ್ತೆ?

ತೇಕು ನಿಲ್ಲೋದೇ ಇಲ್ಲ, ನಾಲಿಗೆ ಕೆಂಪಗೆ ಅಗಲವಾಗಿ ಜೋತುಬಿದ್ದಿರುತ್ತದೆ, ಜೊಲ್ಲು ಅಂಟಂಟು, ನಡೆದರೆ ತೂರಾಡುತ್ತದೆ, ವಾಂತಿ ಇಲ್ಲವೇ ರಕ್ತಬೇಧಿ ಆಗುತ್ತದೆ. ಮೈ 105 ಡಿಗ್ರಿ ದಾಟಿದರೆ ಜೀವಕ್ಕೆ ಅಪಾಯ. ವಯಸ್ಸಾದ ನಾಯಿ, ದಪ್ಪ ನಾಯಿ, ಪಗ್‌ನಂಥ ಚಪ್ಪಟೆ ಮೂಗಿನ ನಾಯಿ, ಹೃದಯ ಕಾಯಿಲೆಯ ನಾಯಿಗೆ ಬಿಸಿಲಿನಲ್ಲೇ ನಿಲ್ಲಬೇಕು ಅಂತಿಲ್ಲ, ತಗಡಿನ ಶೆಡ್ಡಿನ ಕೆಳಗೆ ಕಟ್ಟಿದ್ದರೂ ಹೊಡೆತ ಬೀಳುತ್ತದೆ.

ಮೊದಲು ತಂಪು ಮಾಡಿ, ಆಮೇಲೆ ಹೊರಡಿ. ನೆರಳಿಗೆ ತಂದು ಮೈತುಂಬಾ ನೀರು ಸುರಿದು ಫ್ಯಾನ್ ಹಾಕಿ. ಇಲ್ಲಿ ಒಂದು ಎಚ್ಚರ: ಮಧ್ಯಾಹ್ನ ಮಾಳಿಗೆ ಮೇಲಿನ ಟ್ಯಾಂಕಿನ ನೀರು ಕೈ ಸುಡುವಷ್ಟು ಕಾದಿರುತ್ತದೆ. ನಾಯಿ ಮೇಲೆ ಬಿಡುವ ಮೊದಲು ನೀರಿಗೆ ಕೈ ಹಿಡಿದು ನೋಡಿ, ಕಾದಿದ್ದರೆ ಮನೆಯೊಳಗಿನ ಕೊಡದ ನೀರು ಬಳಸಿ. ಒದ್ದೆ ಗೋಣಿಚೀಲ ಹೊದಿಸಿ ಹಾಗೇ ಬಿಟ್ಟರೆ ಶಾಖ ಒಳಗೇ ಉಳಿಯುತ್ತದೆ, ಹೊದಿಸಬೇಡಿ. 103.5ಕ್ಕೆ ಇಳಿದಾಗ ನೀರು ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ. ಎದ್ದು ಓಡಾಡಿದರೂ ಹೋಗಿ, ಕಿಡ್ನಿಗೆ ಆದ ಪೆಟ್ಟು ಒಂದೆರಡು ದಿನ ಬಿಟ್ಟು ತೋರುತ್ತದೆ.

ರಾತ್ರಿ ಕೆಮ್ಮುತ್ತೆ. ಥಂಡಿ ಆಗಿದೆಯಾ?

ವಾರ ದಾಟಿದ ಕೆಮ್ಮನ್ನು ಥಂಡಿ ಅಂತ ಬಿಡಬೇಡಿ. ಮಲಗಿದಾಗ, ಬೆಳಗಿನ ಜಾವ, ಸ್ವಲ್ಪ ನಡೆದರೆ ಕೆಮ್ಮು ಬಂದು, ಕೊನೆಗೆ ಗಂಟಲು ಕೆರೆದು ನೊರೆ ಕಕ್ಕುತ್ತಿದ್ದರೆ ಹೃದಯ ನೋಡಿಸಿ. ಪೊಮೆರೇನಿಯನ್‌ನಂಥ ಸಣ್ಣ ನಾಯಿಗಳಲ್ಲಿ ಹೃದಯದ ಕವಾಟ ಸವೆಯುತ್ತದೆ, ಉಸಿರಿನ ಕೊಳವೆಯೂ ಸಡಿಲವಾಗುತ್ತದೆ. ಎರಡನೆಯದಕ್ಕೆ ಹಾರ್ನ್ ಹೊಡೆದ ಹಾಗೆ ಒಣ ಸದ್ದು ಬರುತ್ತದೆ. ಕೆಮ್ಮಿನ ಜೊತೆ ತಲೆಸುತ್ತಿ ಬೀಳೋದು, ಹೊಟ್ಟೆಯಲ್ಲಿ ನೀರು ತುಂಬೋದು ಸೇರಿದರೆ ತುರ್ತು. ನಮ್ಮ ಕೆಮ್ಮಿನ ಸಿರಪ್ ಕುಡಿಸಬೇಡಿ.

ಮೈಮೇಲೆ ಗಂಟು ಸಿಕ್ಕಿದೆ. ಕ್ಯಾನ್ಸರಾ?

ಮುಟ್ಟಿ ಹೇಳೋಕೆ ಯಾರಿಂದಲೂ ಆಗಲ್ಲ. ಚರ್ಮದ ಕೆಳಗೆ ಮೆತ್ತಗೆ ಜಾರುವ ಕೊಬ್ಬಿನ ಗಂಟುಗಳು ವಯಸ್ಸಾದ ನಾಯಿಗೆ ಸಾಮಾನ್ಯ, ಬಹುತೇಕ ತೊಂದರೆ ಕೊಡಲ್ಲ. ಸೂಜಿ ಹಾಕಿ ಸ್ವಲ್ಪ ತೆಗೆದು ಪರೀಕ್ಷೆ ಮಾಡಿದರೆ ಖಾತ್ರಿ. ಗಂಟಿನ ಪಕ್ಕ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೆದಿಡಿ, ಬೆಳೆದಿದೆಯೋ ಇಲ್ಲವೋ ಮುಂದಿನ ತಿಂಗಳು ತಿಳಿಯುತ್ತದೆ. ಬೇಗ ಬೆಳೆಯುವ, ಬಿಗಿಯಾಗಿ ಅಂಟಿರುವ, ಒಡೆದು ಸೋರುವ ಗಂಟಿಗೆ ಕಾಯಬೇಡಿ.

ಹೆಣ್ಣು ನಾಯಿಯ ಮೊಲೆಯ ಸಾಲಿನಲ್ಲಿ ಕಾಳಿನಷ್ಟು ಗಂಟು ಸಿಕ್ಕರೂ ತೋರಿಸಿ. ಅಂಥವುಗಳಲ್ಲಿ ಸುಮಾರು ಅರ್ಧದಷ್ಟು ಕ್ಯಾನ್ಸರ್ ಆಗಿರುತ್ತವೆ. ಸಣ್ಣದಿದ್ದಾಗ ತೆಗೆದರೆ ಉಳಿಯುವ ಸಾಧ್ಯತೆ ಜಾಸ್ತಿ. ಜನನಾಂಗದಿಂದ ಹನಿ ಹನಿ ರಕ್ತ ಸೋರುತ್ತಿದ್ದು ಒಳಗೆ ಹೂಕೋಸಿನಂಥ ಮಾಂಸ ಬೆಳೆದಿದ್ದರೆ ಅದು ಕೂಡುವಾಗ ನಾಯಿಯಿಂದ ನಾಯಿಗೆ ಅಂಟುವ ಗಡ್ಡೆ. ನೋಡೋಕೆ ಭಯ ಆದರೂ ವಿನ್‌ಕ್ರಿಸ್ಟಿನ್ ಸೂಜಿಗೆ ಬಹುತೇಕ ಪೂರ್ತಿ ವಾಸಿಯಾಗುತ್ತದೆ.

ಗಾಯದಿಂದ ಕೆಟ್ಟ ವಾಸನೆ ಬರುತ್ತಿದೆ.

ಹುಳ ಬಿದ್ದಿರಬಹುದು. ಏಳಲಾಗದ ನಾಯಿಗೆ ಕಿವಿ, ಬಾಲದ ಬುಡ, ಗುದದ ಸುತ್ತ ಒಂದೇ ದಿನದಲ್ಲಿ ಬೀಳುತ್ತವೆ. ಸೀಮೆಎಣ್ಣೆ, ಪೆಟ್ರೋಲ್ ಸುರಿಯಬೇಡಿ, ಮಾಂಸ ಸುಡುತ್ತದೆ. ಡಾಕ್ಟರ ಹತ್ತಿರ ತೆಗೆಸಿ.

ಕಣ್ಣು ಬೆಳ್ಳಗಾಗಿವೆ. ಪೊರೆ ಬಂದಿದೆಯಾ?

ಎರಡೂ ಕಣ್ಣಿನಲ್ಲಿ ತೆಳು ನೀಲಿ ಮಂಜು ಕಟ್ಟಿದ್ದು, ನಾಯಿಗೆ ದಾರಿ ಕಾಣುತ್ತಿದ್ದರೆ ಅದು ವಯಸ್ಸಿನದು, ಚಿಕಿತ್ಸೆ ಬೇಡ. ಹಾಲಿನಂತೆ ಗಟ್ಟಿ ಬಿಳುಪಾಗಿ, ಗೋಡೆಗೆ ಡಿಕ್ಕಿ ಹೊಡೆಯುತ್ತಿದ್ದರೆ ಪೊರೆ. ಕೆಲವೇ ವಾರದಲ್ಲಿ ಪೊರೆ ಬಂದರೆ ಸಕ್ಕರೆ ಪರೀಕ್ಷೆ ಮಾಡಿಸಿ. ಕಣ್ಣು ಕೆಂಪಾಗಿ, ಊದಿ, ಮುಚ್ಚಿಕೊಂಡೇ ಇದ್ದರೆ ಅವತ್ತೇ ಹೋಗಿ.

ಬೆಳಗ್ಗೆ ಎದ್ದಾಗ ತಲೆ ಒಂದು ಕಡೆ ವಾಲಿದೆ, ಸುತ್ತುತ್ತಾ ಬೀಳುತ್ತಿದೆ. ಲಕ್ವಾ ಹೊಡೆಯಿತಾ?

ನೋಡಿದವರೆಲ್ಲ ಇನ್ನು ಮುಗೀತು ಅಂದುಕೊಳ್ಳುತ್ತಾರೆ. ಆದರೆ ವಯಸ್ಸಾದ ನಾಯಿಗಳಲ್ಲಿ ಒಳಕಿವಿಯ ಸಮತೋಲನ ಏಕಾಏಕಿ ತಪ್ಪುವ ಒಂದು ತೊಂದರೆ ಇದೆ. ಕಣ್ಣುಗುಡ್ಡೆ ಎಡಕ್ಕೆ ಬಲಕ್ಕೆ ಓಡಾಡುತ್ತಿರುತ್ತವೆ, ತಲೆಸುತ್ತಿಗೆ ವಾಂತಿಯಾಗುತ್ತದೆ. ಬಹಳಷ್ಟು ನಾಯಿಗಳು ಎರಡು ಮೂರು ದಿನದಲ್ಲಿ ಚೇತರಿಸಲು ಶುರು ಮಾಡಿ ಎರಡು ಮೂರು ವಾರದಲ್ಲಿ ನಡೆದಾಡುತ್ತವೆ, ತಲೆಯ ವಾಲು ಸ್ವಲ್ಪ ಉಳಿಯಬಹುದು. ಕಿವಿ ಸೋಂಕು, ಮಿದುಳಿನ ತೊಂದರೆಯಿಂದಲೂ ಹೀಗಾಗುವುದರಿಂದ ಡಾಕ್ಟರು ನೋಡಲೇಬೇಕು. ಮೊದಲ ದಿನವೇ ಆಸೆ ಬಿಡಬೇಡಿ ಅಂತ ಹೇಳೋಕೆ ಇಷ್ಟು ಬರೆದೆ.

ರಾತ್ರಿಯೆಲ್ಲ ಓಡಾಡುತ್ತೆ, ಗೋಡೆ ನೋಡುತ್ತಾ ನಿಲ್ಲುತ್ತೆ.

ನಮ್ಮ ಹಿರಿಯರಿಗೆ ಮರೆವು ಬರುವಂತೆ ನಾಯಿಗೂ ಬರುತ್ತದೆ. ಹಗಲು ನಿದ್ದೆ, ರಾತ್ರಿ ಓಡಾಟ, ಬಾಗಿಲ ಸಂದಿಯಲ್ಲಿ ಸಿಕ್ಕಿಕೊಂಡು ಹಿಂದೆ ಬರಲು ತಿಳಿಯದಿರೋದು, ಮನೆಯವರ ಗುರುತು ಮಂಕಾಗೋದು. ಆದರೆ ನೋವು, ಕುರುಡು, ಬಿಪಿ, ಕಿಡ್ನಿ ಇವೂ ರಾತ್ರಿ ಮಲಗಲು ಬಿಡಲ್ಲ. ಮೊದಲು ಅವು ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಗೋಡೆಗೆ ತಲೆ ಒತ್ತಿ ನಿಂತರೆ ಮಾತ್ರ ತಡ ಬೇಡ, ಅದು ಮಿದುಳಿನ ಇಲ್ಲವೇ ಲಿವರಿನ ಲಕ್ಷಣ.

ಕಾಲು ನೋವಿಗೆ ಮನೆಯಲ್ಲಿರುವ ಗುಳಿಗೆ ಅರ್ಧ ಕೊಡಬಹುದಾ?

ಬೇಡ. ಪ್ಯಾರಸಿಟಮಾಲ್, ಐಬುಪ್ರೊಫೆನ್, ಡೈಕ್ಲೋಫೆನಾಕ್, ಇವೆರಡು ಮೂರು ಸೇರಿದ ಗುಳಿಗೆ, ಯಾವುದೂ ಬೇಡ. ನಾಯಿಯ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುತ್ತದೆ, ಕಿಡ್ನಿ, ಲಿವರ್ ಕೆಡುತ್ತವೆ. ಡಾಂಬರಿನಂಥ ಕಪ್ಪು ಮಲ ಬಂದರೆ ಒಳಗೆ ರಕ್ತ ಸೋರುತ್ತಿದೆ ಅಂತ ತಿಳಿಯಿರಿ. ನಾಯಿಗೇ ಅಂತ ಮಾಡಿದ ನೋವಿನ ಗುಳಿಗೆಗಳಿವೆ, ಅವನ್ನೂ ರಕ್ತ ಪರೀಕ್ಷೆ ನೋಡಿಯೇ ಕೊಡುತ್ತಾರೆ.

ನಾಯಿ ನೋವಿಗೆ ಕೂಗುವುದು ಅಪರೂಪ. ಕೂರುವಾಗ ಎರಡು ಸಲ ಯೋಚಿಸುತ್ತದೆ, ಕಟ್ಟೆ ಹತ್ತುವ ಮುನ್ನ ನಿಲ್ಲುತ್ತದೆ, ಒಂದೇ ಗೆಣ್ಣನ್ನು ನೆಕ್ಕಿ ನೆಕ್ಕಿ ಕೂದಲು ಉದುರಿಸುತ್ತದೆ, ಬೆನ್ನು ಮುಟ್ಟಿದರೆ ಗುರ್ ಅನ್ನುತ್ತದೆ. ನುಣುಪಾದ ಬಂಡೆ ನೆಲದ ಮೇಲೆ ಹಿಂಗಾಲು ಜಾರುತ್ತವೆ, ಅದು ಓಡಾಡುವ ದಾರಿಯಲ್ಲಿ ಚಾಪೆ ಇಲ್ಲವೇ ಹಳೆ ಜಮಖಾನ ಹಾಸಿ. ಕಾಲು ಎಳೆಯುತ್ತಾ, ಉಗುರು ನೆಲಕ್ಕೆ ಉಜ್ಜುತ್ತಿದ್ದರೆ ಅದು ಕೀಲಲ್ಲ, ಬೆನ್ನುಹುರಿಯ ತೊಂದರೆ.

ಗಂಟಲಲ್ಲಿ ಎಲುಬು ಸಿಕ್ಕ ಹಾಗಿದೆ, ಬಾಯಿ ಮುಚ್ಚುತ್ತಿಲ್ಲ, ಜೊಲ್ಲು ಸುರಿಯುತ್ತಿದೆ. ಕೈ ಹಾಕಿ ನೋಡಲಾ?

ಹಾಕಬೇಡಿ. ರೇಬಿಸ್ ಲಸಿಕೆ ತಪ್ಪಿದ ನಾಯಿಯಾದರೆ ಖಂಡಿತ ಬೇಡ. ರೇಬಿಸ್ ಬಂದ ನಾಯಿಗಳೆಲ್ಲ ಕಚ್ಚೋಕೆ ಬರಲ್ಲ, ಕೆಲವು ದವಡೆ ಜೋತುಬಿದ್ದು, ನುಂಗಲಾಗದೆ, ದನಿ ಬದಲಾಗಿ ಮೂಲೆ ಸೇರುತ್ತವೆ. ಜೊಲ್ಲು ಗಾಯಕ್ಕೆ, ಕಣ್ಣಿಗೆ, ಬಾಯಿಗೆ ತಗುಲಿದ್ದರೆ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆಯಿರಿ, ಚರ್ಮಕ್ಕೆ ಸೋಪು ಹಚ್ಚಿ, ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಶುರು ಮಾಡಿ. ಲಕ್ಷಣ ಕಂಡ ಮೇಲೆ ಈ ಕಾಯಿಲೆಗೆ ಔಷಧ ಕೆಲಸ ಮಾಡಲ್ಲ. ನಾಯಿಗೆ ಎಷ್ಟೇ ವಯಸ್ಸಾಗಿರಲಿ, ರೇಬಿಸ್ ಲಸಿಕೆ ತಪ್ಪಿಸಬೇಡಿ.

ಹೊಲದಿಂದ ಬಂದ ಮೇಲೆ ನಡುಗುತ್ತಿದೆ.

ಹತ್ತಿ, ಮೆಣಸಿನಕಾಯಿ, ಭತ್ತಕ್ಕೆ ಎಣ್ಣೆ (ಕೀಟನಾಶಕ) ಹೊಡೆಯುವ ದಿನಗಳಲ್ಲಿ ಸಿಂಧನೂರು, ಮಾನ್ವಿ ಕಡೆಯಿಂದ ಈ ಪ್ರಶ್ನೆ ಬರುತ್ತದೆ. ಜೊಲ್ಲು, ನಡುಕ, ಬೇಧಿ, ಕಣ್ಣಿನ ಪಾಪೆ ಸಣ್ಣಗಾಗೋದು ಕೀಟನಾಶಕದ ಲಕ್ಷಣ. ಮೈಗೆ ಬಿದ್ದಿದ್ದರೆ ಕೈಗವಸು ಹಾಕಿಕೊಂಡು ಸೋಪಿನಿಂದ ತೊಳೆಯಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಡಬ್ಬಿ ಇಲ್ಲವೇ ಅದರ ಲೇಬಲ್ ಫೋಟೋ ತೆಗೆದುಕೊಂಡು ಹೋಗಿ, ಯಾವ ವಿಷ ಅಂತ ತಿಳಿದರೆ ಅದಕ್ಕೆ ತಕ್ಕ ಔಷಧ ಬೇಗ ಶುರುವಾಗುತ್ತದೆ. ಇಲಿ ಪಾಷಾಣ ತಿಂದ ನಾಯಿ ಎರಡು ಮೂರು ದಿನ ಚೆನ್ನಾಗೇ ಇದ್ದು ಆಮೇಲೆ ರಕ್ತ ಸೋರಲು ಶುರುವಾಗಬಹುದು. ತಿಂದಿದ್ದು ಕಂಡರೆ ಲಕ್ಷಣಕ್ಕೆ ಕಾಯಬೇಡಿ.

ನಮ್ಮ ಊರಲ್ಲಿ ನಾಯಿ ಡಾಕ್ಟರಿಲ್ಲ. ಎಲ್ಲಿಗೆ ಹೋಗೋದು?

ತಾಲೂಕಿನ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ದನಕರುಗಳೇ ಹೆಚ್ಚು, ಆದರೂ ನಾಯಿಗಳನ್ನು ನೋಡುತ್ತಾರೆ. 1962ಕ್ಕೆ ಫೋನ್ ಮಾಡಿದರೆ ಪಶುಪಾಲನಾ ಇಲಾಖೆಯ ಸಂಚಾರಿ ವಾಹನದ ಸಹಾಯವಾಣಿ ಸಿಗುತ್ತದೆ, ಹತ್ತಿರದಲ್ಲಿ ಯಾರಿದ್ದಾರೆ ಅಂತ ಕೇಳಿ. ದೊಡ್ಡ ಸ್ಕ್ಯಾನಿಂಗ್, ಹೃದಯದ ಪರೀಕ್ಷೆ ಬೇಕಾದರೆ ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ. ಬೀದರಿನ ಪಶುವೈದ್ಯಕೀಯ ಕಾಲೇಜೂ ಇದೆ. ಬಳ್ಳಾರಿ, ಕೊಪ್ಪಳದವರು ಹುಬ್ಬಳ್ಳಿ, ಬೆಂಗಳೂರಿಗೆ ಹೋಗುತ್ತಾರೆ. ರಾತ್ರಿ ಯಾವ ಡಾಕ್ಟರು ಫೋನ್ ಎತ್ತುತ್ತಾರೆ ಅನ್ನೋದನ್ನು ಈಗಲೇ ವಿಚಾರಿಸಿ ನಂಬರ್ ಬರೆದಿಟ್ಟುಕೊಳ್ಳಿ.

ವಾಸಿಯಾಗಲ್ಲ ಅಂದಿದ್ದಾರೆ. ಯಾವಾಗ ಬಿಟ್ಟುಕೊಡಬೇಕು?

ಕ್ಯಾಲೆಂಡರಿನಲ್ಲಿ ಪ್ರತಿ ರಾತ್ರಿ ಒಂದು ಗುರುತು ಹಾಕಿ. ತಾನಾಗಿ ತಿಂದಿತಾ, ನೋವಿಲ್ಲದೆ ಮಲಗಿತಾ, ಉಚ್ಚೆ ಮಲದಲ್ಲಿ ಬೀಳದೆ ಎದ್ದಿತಾ, ನಿಮ್ಮನ್ನು ಕಂಡು ಬಾಲ ಅಲ್ಲಾಡಿಸಿತಾ ಅಂತ ನೋಡಿ. ಕೆಟ್ಟ ದಿನಗಳು ಒಳ್ಳೆಯ ದಿನಗಳಿಗಿಂತ ಜಾಸ್ತಿ ಆದರೆ ಡಾಕ್ಟರ ಹತ್ತಿರ ದಯಾಮರಣದ ಬಗ್ಗೆ ಬಾಯಿಬಿಟ್ಟು ಕೇಳಿ. ಮೊದಲು ನಿದ್ದೆ ಬರಿಸಿ ಆಮೇಲೆ ಸೂಜಿ ಕೊಡುತ್ತಾರೆ, ನೋವಾಗಲ್ಲ. ಅದು ಪಾಪ ಅಂತ ಹೇಳುವವರು ಇರುತ್ತಾರೆ. ಉಸಿರಿಗಾಗಿ ಒದ್ದಾಡುತ್ತಾ ಮೂರು ರಾತ್ರಿ ಕಳೆಯುವ ನಾಯಿಯನ್ನು ನೋಡಿದ ಮೇಲೆ ನಾನಂತೂ ಆ ಮಾತು ಒಪ್ಪಲ್ಲ. ಆಗ ನೀವು ಪಕ್ಕದಲ್ಲೇ ಇರಿ, ನಿಮ್ಮ ದನಿ ಅದಕ್ಕೆ ಕೇಳಲಿ.

ಡಾಕ್ಟರ ಹತ್ತಿರ ಹೋಗುವಾಗ ಏನೇನು ಒಯ್ಯಬೇಕು?

ಕೆಮ್ಮು, ಫಿಟ್ಸ್, ಕುಂಟು ಇದ್ದರೆ ಫೋನಿನಲ್ಲಿ ವಿಡಿಯೋ ಮಾಡಿ. ದವಾಖಾನೆಯಲ್ಲಿ ನಾಯಿ ಭಯಕ್ಕೆ ನೆಟ್ಟಗೆ ನಿಂತುಬಿಡುತ್ತದೆ, ಏನೂ ಕಾಣಲ್ಲ. ವಾಂತಿ, ಮಲದ ಫೋಟೋ ತೆಗೆಯಿರಿ, ಜೊತೆಗೆ ಸ್ವಲ್ಪ ಮಲವನ್ನು ಮುಚ್ಚಳದ ಡಬ್ಬಿಯಲ್ಲಿ ಒಯ್ಯಿರಿ. ಕೊಟ್ಟಿರುವ ಗುಳಿಗೆಗಳ ಖಾಲಿ ಹಾಳೆ, ಲಸಿಕೆ ಪುಸ್ತಕ ಜೊತೆಗಿರಲಿ. ಕಡೆಯ ಬೆದೆಯ ತಾರೀಕು, ಯಾವ ದಿನದಿಂದ ಏನು ಶುರುವಾಯ್ತು ಅನ್ನೋದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಎಷ್ಟೇ ಸಾಧು ನಾಯಿಯಾದರೂ ನೋವಿನಲ್ಲಿ ಕಚ್ಚಬಹುದು, ಬಾಯಿಗೆ ಕಟ್ಟಲು ಮೆತ್ತನೆ ಬಟ್ಟೆಯ ಪಟ್ಟಿ ಇರಲಿ. ತೇಕುವ, ವಾಂತಿ ಮಾಡುವ ನಾಯಿಗೆ ಮಾತ್ರ ಕಟ್ಟಬೇಡಿ. ಏಳಲಾಗದ ನಾಯಿಯನ್ನು ಕಂಬಳಿಯ ನಾಲ್ಕು ಮೂಲೆ ಹಿಡಿದು ಆಟೋಗೆ ಹತ್ತಿಸಿ. ಬಂದ ರಿಪೋರ್ಟುಗಳ ಫೋಟೋ ಫೋನಿನಲ್ಲಿ ಒಂದೇ ಕಡೆ ಇಟ್ಟುಕೊಳ್ಳಿ. ಮುಂದೆ ಹೈದರಾಬಾದಿಗೆ ಕಳಿಸಿದರೆ ಅಲ್ಲಿನ ಡಾಕ್ಟರಿಗೆ ಹಿಂದಿನದೆಲ್ಲ ಒಂದೇ ನೋಟಕ್ಕೆ ಸಿಗುತ್ತದೆ.